ಹರಡಿನ ಹಿಂದೆ ಮರಳಿ ಬರುವ ಗಂಟು: ತೊಟ್ಟು ಎಲ್ಲಿದೆ ಎಂದು ಮೊದಲು ಹುಡುಕಬೇಕು

ಪ್ರಶ್ನೆ: ನನಗೆ 36 ವರ್ಷ. ಎಡಗಾಲಿನ ಒಳಬದಿಯ ಹರಡಿನ (ಪಾದ ಕಾಲಿಗೆ ಸೇರುವಲ್ಲಿ ಉಬ್ಬಿದ ಮೂಳೆಯ) ಹಿಂದೆ, ಸ್ವಲ್ಪ ಕೆಳಗೆ, ಎರಡು ವರ್ಷದಿಂದ ಒಂದು ಗಂಟಿದೆ. ಈಗ ದೊಡ್ಡ ಗೋಲಿಯಷ್ಟಾಗಿದೆ. ಎರಡು ಸಲ ಸೂಜಿ ಹಾಕಿ ತೆಗೆಯಲು ನೋಡಿದರು. ಮೊದಲ ಸಲ ಅಂಟಿನಂಥ ದ್ರವ ಬಂತು, ಎರಡು ತಿಂಗಳಲ್ಲಿ ಗಂಟು ಮತ್ತೆ ತುಂಬಿಕೊಂಡಿತು. ಎರಡನೆಯ ಸಲ ಏನೂ ಬರಲಿಲ್ಲ, ಆದರೆ ಸೂಜಿ ಚುಚ್ಚಿದಾಗ ಅಂಗಾಲಿನವರೆಗೂ ಕರೆಂಟ್ ಹೊಡೆದ ಹಾಗಾಯಿತು. ಆರು ತಿಂಗಳಿಂದ ರಾತ್ರಿ ಹೊತ್ತು ಅಂಗಾಲು ಉರಿ, ಹೆಬ್ಬೆರಳಿನ ಕಡೆ ಜೋಮು. ಒಬ್ಬ ವೈದ್ಯರು ‘ಬರೀ ಗ್ಯಾಂಗ್ಲಿಯಾನ್, ಬಿಟ್ಟುಬಿಡಿ’ ಅಂದರು. ಇನ್ನೊಬ್ಬರು ಎಂಆರ್‌ಐ ಮಾಡಿಸಿ, ಆಪರೇಷನ್ ಬೇಕಾಗಬಹುದು ಅಂದರು. ಯಾರ ಮಾತು ಕೇಳಲಿ? ಇದು ಕ್ಯಾನ್ಸರ್ ಇರಬಹುದೇ?

ಉತ್ತರ: ಎರಡನೆಯವರ ಮಾತು ಕೇಳಿ. ಮೊದಲನೆಯವರು ಹೇಳಿದ ಹೆಸರು ಬಹುಶಃ ಸರಿಯೇ ಇದೆ, ಆದರೆ ‘ಬಿಟ್ಟುಬಿಡಿ’ ಅನ್ನುವುದು ಈ ಜಾಗಕ್ಕೆ ಹೊಂದುವ ಸಲಹೆಯಲ್ಲ. ಇದೇ ಗಂಟು ಪಾದದ ಮೇಲ್ಭಾಗದಲ್ಲಿದ್ದು, ನೋವಿಲ್ಲದೆ ಇದ್ದಿದ್ದರೆ ನಾನೂ ಬಿಟ್ಟುಬಿಡಿ ಅನ್ನುತ್ತಿದ್ದೆ. ಇನ್ನು, ಸೂಜಿ ಚಿಕಿತ್ಸೆ ಮೂರನೆಯ ಸಲ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಗ್ಯಾಂಗ್ಲಿಯಾನ್ ಅಂದರೆ ಕೀಲಿನ ಚೀಲದಿಂದಲೋ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಸುತ್ತಲಿನ ಪೊರೆಯಿಂದಲೋ ಹೊರಗೆ ಉಬ್ಬಿದ ಒಂದು ಪುಟ್ಟ ಚೀಲ. ಒಳಗಿರುವುದು ಹೈಅಲುರೋನಿಕ್ ಆಮ್ಲ ಹೆಚ್ಚಿರುವ ಗಟ್ಟಿ ಲೋಳೆ. ಕೀಲಿನ ದ್ರವಕ್ಕಿಂತ ಇದು ಎಷ್ಟೋ ಮಂದ. ಚೀಲವನ್ನು ಕೀಲಿಗೆ ಸೇರಿಸುವ ಒಂದು ಸಣ್ಣ ನಾಳವಿರುತ್ತದೆ, ಹಣ್ಣಿಗೆ ತೊಟ್ಟಿದ್ದ ಹಾಗೆ. ಈ ತೊಟ್ಟು ಬಹುಮಟ್ಟಿಗೆ ಒಮ್ಮುಖ ಕವಾಟದಂತೆ ವರ್ತಿಸುತ್ತದೆ. ನಡೆದಾಗ ಕೀಲಿನೊಳಗೆ ಒತ್ತಡ ಏರಿ ದ್ರವ ಹೊರಗೆ ಬರುತ್ತದೆ, ಹಿಂದಕ್ಕೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಚೀಲವನ್ನಷ್ಟೇ ಬರಿದು ಮಾಡಿ ತೊಟ್ಟನ್ನು ಬಿಟ್ಟರೆ ಅದು ಮತ್ತೆ ತುಂಬಿಕೊಳ್ಳದೆ ಇನ್ನೇನು? ನಿಮಗೆ ಎರಡು ತಿಂಗಳಲ್ಲಿ ಆದದ್ದು ಅದೇ.

ಈಗ ನಿಮ್ಮ ಗಂಟಿರುವ ಜಾಗಕ್ಕೆ ಬರೋಣ. ಒಳಬದಿಯ ಹರಡು ಮೂಳೆಯ ಹಿಂದೆ ಟಾರ್ಸಲ್ ಟನೆಲ್ ಎಂಬ ಇಕ್ಕಟ್ಟಾದ ಓಣಿಯಿದೆ. ಒಂದು ಪಕ್ಕ ಮೂಳೆ, ಮೇಲೆ ಎಳೆದರೂ ಹಿಗ್ಗದ ಒಂದು ಪಟ್ಟಿ. ಮುಂದಿನಿಂದ ಹಿಂದಕ್ಕೆ ಎರಡು ಟೆಂಡನ್, ಅಪಧಮನಿ ಮತ್ತದರ ಜೊತೆಯ ಅಭಿಧಮನಿಗಳು, ಟಿಬಿಯಲ್ ನರ, ಕೊನೆಗೆ ಹೆಬ್ಬೆರಳನ್ನು ಮಡಿಸುವ ಟೆಂಡನ್ ಸಾಲಾಗಿ ಹಾದುಹೋಗುತ್ತವೆ. ಇಲ್ಲಿ ಒಂದು ಸೆಂಟಿಮೀಟರ್ ಗಾತ್ರದ ಗಂಟೂ ನರವನ್ನು ಅಮುಕಬಲ್ಲದು. ಹೊರಗೆ ಕಾಣುವಷ್ಟು ಉಬ್ಬು ಇರಲೇಬೇಕು ಅಂತಿಲ್ಲ. ಕೈಗೆ ಸಿಗದ, ದ್ರವ ತುಂಬಿದ ಸಣ್ಣ ಚೀಲದಿಂದ, ಅಂದರೆ ಸಿಸ್ಟ್‌ನಿಂದ ಅಂಗಾಲು ಉರಿದು, ವರ್ಷಗಟ್ಟಲೆ ಹಿಮ್ಮಡಿ ನೋವೆಂದೋ ಸಕ್ಕರೆ ಕಾಯಿಲೆಯ ನರದೋಷವೆಂದೋ ಮಾತ್ರೆ ನುಂಗಿದವರಿರುತ್ತಾರೆ. ಒಂದೇ ಕಾಲಿನಲ್ಲಿ ಉರಿ ಇದ್ದರೆ ಸಕ್ಕರೆ ಕಾಯಿಲೆಯನ್ನು ದೂರುವ ಮೊದಲು ಹರಡಿನ ಹಿಂದೆ ಬೆರಳಿಟ್ಟು ನೋಡಬೇಕು.

ಹೆಬ್ಬೆರಳಿನ ಕಡೆ ಜೋಮು ಎಂದು ನೀವು ಬರೆದಿರುವುದು ಬಹಳ ಉಪಯೋಗದ ವಿವರ. ಟಿಬಿಯಲ್ ನರ ಈ ಓಣಿಯೊಳಗೆ ಒಡೆದು ಎರಡು ಮುಖ್ಯ ಕವಲಾಗುತ್ತದೆ. ಒಳಗವಲು ಹೆಬ್ಬೆರಳಿನಿಂದ ನಾಲ್ಕನೆಯ ಬೆರಳಿನ ಅರ್ಧದವರೆಗಿನ ಅಂಗಾಲಿಗೆ, ಹೊರಗವಲು ಉಳಿದ ಭಾಗಕ್ಕೆ. ಹಿಮ್ಮಡಿಗೆ ಹೋಗುವ ಕವಲು ಸಾಮಾನ್ಯವಾಗಿ ಮೇಲೆಯೇ ಬೇರೆಯಾಗಿಬಿಡುವುದರಿಂದ ಹಿಮ್ಮಡಿಯ ಸ್ಪರ್ಶ ಹಲವರಲ್ಲಿ ಚೆನ್ನಾಗಿಯೇ ಇರುತ್ತದೆ. ನಿಮ್ಮಲ್ಲಿ ಒಳಗವಲಿನ ಮೇಲೆ ಒತ್ತಡ ಬಿದ್ದಿರುವ ಸಾಧ್ಯತೆ ಹೆಚ್ಚು. ಎರಡನೆಯ ಸಲ ಸೂಜಿ ಹಾಕಿದಾಗ ಕರೆಂಟ್ ಹೊಡೆದಂತಾದದ್ದು ಸೂಜಿಯ ಮೊನೆ ನರವನ್ನು ಮುಟ್ಟಿದ್ದರಿಂದ. ಮೂರನೆಯ ಸಲ ಬೇಡ ಅಂದದ್ದು ಇದಕ್ಕೇ.

ಪರೀಕ್ಷೆ ಮಾಡುವ ವೈದ್ಯರು ಏನೇನು ನೋಡಬೇಕೆಂದು ನೀವೂ ತಿಳಿದಿರಿ. ಮೊದಲು ಕತ್ತಲೆ ಕೋಣೆಯಲ್ಲಿ ಸಣ್ಣ ಟಾರ್ಚನ್ನು ಗಂಟಿನ ಒಂದು ಪಕ್ಕಕ್ಕೆ ಒತ್ತಿಹಿಡಿದು ಇನ್ನೊಂದು ಪಕ್ಕದಿಂದ ನೋಡುವುದು. ದ್ರವ ತುಂಬಿದ ಗಂಟು ದೀಪದ ಗಾಜಿನ ಹಾಗೆ ಕೆಂಪಗೆ ಬೆಳಗುತ್ತದೆ. ಆಳದಲ್ಲಿರುವ ಗಂಟು ಬೆಳಗದೆಯೂ ಇರಬಹುದು, ಹಾಗಾಗಿ ಬೆಳಗಿದರೆ ನೆಮ್ಮದಿ, ಬೆಳಗದಿದ್ದರೆ ತೀರ್ಮಾನವಿಲ್ಲ. ಆಮೇಲೆ ಬೆರಳ ತುದಿಯಿಂದ ಹರಡಿನ ಹಿಂದೆ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ತಟ್ಟುತ್ತಾ ಬರುವುದು. ಎಲ್ಲಿ ತಟ್ಟಿದಾಗ ಅಂಗಾಲಿಗೆ ಝುಮ್ಮೆನ್ನುತ್ತದೋ ಅಲ್ಲಿ ನರ ಕೆರಳಿದೆ. ಮೂರನೆಯದು, ಪಾದವನ್ನು ಪೂರ್ತಿ ಮೇಲಕ್ಕೆ ಮತ್ತು ಹೊರಕ್ಕೆ ತಿರುಗಿಸಿ, ಬೆರಳುಗಳನ್ನು ಮೇಲಕ್ಕೆ ಬಾಗಿಸಿ 5ರಿಂದ 10 ಸೆಕೆಂಡ್ ಹಿಡಿಯುವುದು. ಉರಿ ಮರುಕಳಿಸಿದರೆ ಓಣಿಯೊಳಗೆ ಜಾಗ ಸಾಲುತ್ತಿಲ್ಲ ಎಂದರ್ಥ. ಕೊನೆಯದನ್ನು ಹಲವರು ಮರೆಯುತ್ತಾರೆ: ಹಿಮ್ಮಡಿಯನ್ನು ಹಿಡಿದು ಒಳಕ್ಕೂ ಹೊರಕ್ಕೂ ಓಲಾಡಿಸಿ, ಇನ್ನೊಂದು ಕಾಲಿನ ಜೊತೆ ಹೋಲಿಸುವುದು. ಓಲಾಟ ಕಡಿಮೆಯಿದ್ದು ಪಾದ ಚಪ್ಪಟೆಯಾಗಿದ್ದರೆ, ಹರಡಿನ ಕೆಳಗಿನ ಟೇಲಸ್ ಮತ್ತು ಹಿಮ್ಮಡಿ ಮೂಳೆಗಳು ಹುಟ್ಟಿನಿಂದಲೇ ಒಂದಕ್ಕೊಂದು ಬೆಸೆದುಕೊಂಡಿರಬಹುದು. ಟಾರ್ಸಲ್ ಟನೆಲ್‌ನಲ್ಲಿ ಏಳುವ ಗ್ಯಾಂಗ್ಲಿಯಾನ್‌ಗಳ ಹಿಂದೆ ಈ ಬೆಸುಗೆ ಅಡಗಿರುವುದು ಅಪರೂಪವಲ್ಲ. ಬೆಸುಗೆ ಅರೆಬರೆಯಾಗಿದ್ದಾಗ ಅದರ ಅಂಚಿನಲ್ಲಿ ಕೀಲು ಸವೆಯುತ್ತದೆ, ಅಲ್ಲಿಂದ ದ್ರವ ಹೊರಬರುತ್ತದೆ. ಆ ಮೂಳೆಯ ತೊಂದರೆಯನ್ನು ಕಾಣದೆ ಗಂಟನ್ನಷ್ಟೇ ತೆಗೆದರೆ ಮರಳಿ ಬರುತ್ತದೆ.

ಸ್ಕ್ಯಾನ್‌ಗಳ ವಿಚಾರ. ನಿಂತು ತೆಗೆಸಿದ ಎಕ್ಸ್‌ರೇ ಮೊದಲು. ಗಂಟು ಅದರಲ್ಲಿ ಕಾಣುವುದಿಲ್ಲ ಎಂದು ಬಿಡುವವರಿದ್ದಾರೆ, ಆದರೆ ಮೂಳೆ ಬೆಸುಗೆ, ಕೀಲಿನ ಸವೆತ, ಮೂಳೆಯೊಳಗಿನ ಟೊಳ್ಳು, ಮೃದುಭಾಗದಲ್ಲಿ ಸುಣ್ಣದ ಚುಕ್ಕೆಗಳು ಎಲ್ಲವೂ ಅಲ್ಲಿ ಸಿಗುತ್ತವೆ. ಸುಣ್ಣದ ಚುಕ್ಕೆ ಕಂಡರೆ ಅದನ್ನು ಗ್ಯಾಂಗ್ಲಿಯಾನ್ ಎಂದು ಕರೆಯುವುದನ್ನು ಅಲ್ಲಿಗೇ ನಿಲ್ಲಿಸಬೇಕು. ನಂತರ ಅಲ್ಟ್ರಾಸೌಂಡ್. ಸಿಸ್ಟ್ ಪೂರ್ತಿ ಕಪ್ಪಗೆ, ಅದರ ಹಿಂಭಾಗ ಹೊಳಪಾಗಿ ಕಾಣಬೇಕು, ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ಒಳಗೆ ರಕ್ತಸಂಚಾರ ಇರಬಾರದು. ಡಾಪ್ಲರ್ ಕಡ್ಡಾಯ. ಈ ಜಾಗದಲ್ಲಿ ಅಪಧಮನಿಯ ಉಬ್ಬೂ ಗಂಟಿನಂತೆಯೇ ಕೈಗೆ ಸಿಗುತ್ತದೆ, ಅದಕ್ಕೆ ಸೂಜಿ ಹಾಕಿದರೆ ಪರಿಣಾಮ ಊಹಿಸಿಕೊಳ್ಳಿ. ಅಲ್ಟ್ರಾಸೌಂಡ್‌ನ ಇನ್ನೊಂದು ಅನುಕೂಲ, ಬೆರಳು ಆಡಿಸುತ್ತಾ ನೋಡಬಹುದು. ಟೆಂಡನ್ ಜೊತೆಗೇ ಗಂಟೂ ಜಾರಿದರೆ ಅದು ಟೆಂಡನ್‌ಗೆ ಸೇರಿದ್ದು.

ನಿಮಗೆ ಇಷ್ಟು ಸಾಲದು, ಎಂಆರ್‌ಐ ಬೇಕು. ಅದರಲ್ಲಿ ಟಿ1, ಟಿ2 ಎಂಬ ಎರಡು ಬಗೆಯ ಚಿತ್ರಗಳಿರುತ್ತವೆ. ಗ್ಯಾಂಗ್ಲಿಯಾನ್ ಟಿ1 ಚಿತ್ರದಲ್ಲಿ ಕಪ್ಪಾಗಿ, ಟಿ2ನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಇಲ್ಲೊಂದು ಹಳ್ಳವಿದೆ. ಲೋಳೆಯಂಥ ಅಂಗಾಂಶವಿರುವ ಕೆಲವು ಗಡ್ಡೆಗಳೂ, ಸೈನೋವಿಯಲ್ ಸಾರ್ಕೋಮಾ ಎಂಬ ಕ್ಯಾನ್ಸರೂ ಹೀಗೆಯೇ ಹೊಳೆದು ಸಿಸ್ಟ್‌ನ ವೇಷ ಹಾಕಬಲ್ಲವು. ವೇಷ ಬಯಲಾಗುವುದು ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟ ಮೇಲೆ: ಗ್ಯಾಂಗ್ಲಿಯಾನ್‌ನಲ್ಲಿ ಅಂಚಿನ ತೆಳು ಗೆರೆ ಮಾತ್ರ ಹೊಳೆಯುತ್ತದೆ, ಗಡ್ಡೆಯಲ್ಲಿ ಒಳಭಾಗವೂ ಹೊಳೆಯುತ್ತದೆ. ಆದ್ದರಿಂದ ಚೀಟಿಯಲ್ಲಿ ‘ಕಾಂಟ್ರಾಸ್ಟ್ ಸಹಿತ’ ಎಂದು ಬರೆಸಿಕೊಳ್ಳಿ. ಮೂತ್ರಪಿಂಡದ ಕಾಯಿಲೆ ಇದ್ದರೆ ಮೊದಲೇ ಹೇಳಿ. ವರದಿಯಲ್ಲಿ ‘ಗ್ಯಾಂಗ್ಲಿಯಾನ್ ಸಿಸ್ಟ್ ಇದೆ’ ಎಂಬ ಒಂದು ಸಾಲಿನಿಂದ ಶಸ್ತ್ರಚಿಕಿತ್ಸಕರಿಗೆ ಪ್ರಯೋಜನವಿಲ್ಲ. ತೊಟ್ಟು ಯಾವ ಕೀಲಿಗೆ ಹೋಗಿದೆ, ನರ ಸಿಸ್ಟ್‌ನ ಯಾವ ಪಕ್ಕದಲ್ಲಿದೆ, ಸಿಸ್ಟ್ ನರದ ಹೊರಗಿದೆಯೋ ಒಳಗೋ, ಹೆಬ್ಬೆರಳಿನ ಸ್ನಾಯುಗಳು ಬಡವಾಗಿ ಕೊಬ್ಬು ತುಂಬಿವೆಯೋ ಎಂಬ ನಾಲ್ಕು ಪ್ರಶ್ನೆಗೆ ಉತ್ತರವಿರಬೇಕು. ಇಲ್ಲದಿದ್ದರೆ ಚಿತ್ರಗಳನ್ನು ಮತ್ತೆ ಓದಿಸಿ. ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಿದರೆ ಒಳ್ಳೆಯದು, ಮುಂದೆ ಹೋಲಿಸಲು ಬರುತ್ತದೆ. ಆದರೆ ಅದು ಸರಿಯಿದೆ ಎಂದು ಬಂದ ಮಾತ್ರಕ್ಕೆ ಒತ್ತಡವೇ ಇಲ್ಲ ಅನ್ನಲಾಗದು.

ಕ್ಯಾನ್ಸರ್ ಭಯದ ಬಗ್ಗೆ ನೇರವಾಗಿ: ಸಾಧ್ಯತೆ ಕಡಿಮೆ. ಮೊದಲ ಸಲ ಸೂಜಿಯಲ್ಲಿ ಅಂಟಿನಂಥ ದ್ರವ ಬಂದಿದೆ, ಗಂಟು ಅಷ್ಟು ಹೊತ್ತಿಗೆ ಕುಗ್ಗಿ ಮತ್ತೆ ತುಂಬಿದೆ. ಇದು ಗ್ಯಾಂಗ್ಲಿಯಾನ್‌ನ ನಡವಳಿಕೆ. ದಿನವಿಡೀ ನಡೆದ ಮೇಲೆ ಹಿಗ್ಗಿ, ಎರಡು ದಿನ ವಿಶ್ರಾಂತಿಗೆ ಕುಗ್ಗುವುದೂ ಅದರ ಲಕ್ಷಣವೇ. ಆದರೆ ಎರಡನೆಯ ಸಲ ಏನೂ ಬರಲಿಲ್ಲ ಎನ್ನುವುದನ್ನು ಕಡೆಗಣಿಸುವಂತಿಲ್ಲ. ಲೋಳೆ ಗಟ್ಟಿಯಾಗಿ ಸೂಜಿಗೆ ಬಾರದಿರಬಹುದು, ಒಳಗೆ ಗೋಡೆಗಳೆದ್ದು ಹಲವು ಕೋಣೆಗಳಾಗಿರಬಹುದು, ಅಥವಾ ಸೂಜಿ ತಪ್ಪಿರಬಹುದು. ಗಂಟು ಘನವಾಗಿದೆ ಎಂಬ ನಾಲ್ಕನೆಯ ಕಾರಣವನ್ನು ಎಂಆರ್‌ಐ ತಳ್ಳಿಹಾಕಬೇಕು. ಸೈನೋವಿಯಲ್ ಸಾರ್ಕೋಮಾ ಹದಿಹರೆಯದವರಲ್ಲೂ ಯುವಕರಲ್ಲೂ ಕೀಲಿನ ಆಸುಪಾಸಿನಲ್ಲಿ ಬರುತ್ತದೆ, ವರ್ಷಗಟ್ಟಲೆ ನಿಧಾನವಾಗಿ ಬೆಳೆದು ಸಾಧುವಿನಂತೆ ಕಾಣುತ್ತದೆ. ಗ್ಯಾಂಗ್ಲಿಯಾನ್ ಎಂದುಕೊಂಡು ಅದನ್ನು ಕೆರೆದು ತೆಗೆದರೆ ಕ್ಯಾನ್ಸರ್ ಕೋಶಗಳು ಸುತ್ತಲಿನ ಪದರಗಳಿಗೆ ಹರಡಿ, ಎರಡನೆಯ ಶಸ್ತ್ರಚಿಕಿತ್ಸೆ ಹಲವು ಪಟ್ಟು ದೊಡ್ಡದಾಗುತ್ತದೆ. ಸಂಶಯವಿದ್ದರೆ ಮೊದಲು ಕೋರ್ ಬಯಾಪ್ಸಿ, ಅಂದರೆ ದಪ್ಪ ಸೂಜಿಯಿಂದ ಗಂಟಿನ ಒಂದು ಚೂರು ತೆಗೆದು ಪರೀಕ್ಷಿಸುವುದು. ಅದರ ಸೂಜಿದಾರಿಯೂ ಮುಂದೆ ಕೊಯ್ಯುವ ಗೆರೆಯ ಮೇಲೆಯೇ ಇರಬೇಕು. ಒಮ್ಮೆಯೂ ಕುಗ್ಗದೆ ಬೆಳೆಯುತ್ತಲೇ ಇರುವ, 5 ಸೆಂಟಿಮೀಟರ್ ದಾಟಿದ, ಆಳಕ್ಕೆ ಅಂಟಿಕೊಂಡ ಗಂಟನ್ನು ಗಡ್ಡೆಗಳ ಶಸ್ತ್ರಚಿಕಿತ್ಸಕರೇ ನೋಡಬೇಕು.

ಪಾದದಲ್ಲಿ ಗ್ಯಾಂಗ್ಲಿಯಾನ್ ಅಡಗುವ ಬೇರೆ ಜಾಗಗಳೂ ಇವೆ, ಪ್ರತಿಯೊಂದರ ದಾರಿಯೂ ಬೇರೆ. ಅತಿ ವಿಚಿತ್ರವಾದದ್ದು ನರದ ಒಳಗೇ ಸೇರಿಕೊಳ್ಳುವುದು. ಕೀಲಿಗೆ ಹೋಗುವ ಒಂದು ಎಳೆಯಷ್ಟು ತೆಳುವಾದ ನರಗವಲಿರುತ್ತದೆ. ಕೀಲಿನ ಚೀಲದಲ್ಲಿ ಬಿರುಕಾದರೆ ದ್ರವ ಈ ಕವಲಿನೊಳಗೆ ನುಗ್ಗಿ, ನರದ ಹೊದಿಕೆಯ ಕೆಳಗೆ ಮೇಲ್ಮುಖವಾಗಿ ಏರುತ್ತದೆ. ಮೇಯೊ ಕ್ಲಿನಿಕ್‌ನ ರಾಬರ್ಟ್ ಸ್ಪಿನ್ನರ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ವಿವರಿಸುವವರೆಗೂ, ಶಸ್ತ್ರಚಿಕಿತ್ಸಕರು ನರವನ್ನು ಸೀಳಿ ಸಿಸ್ಟ್ ಕೆರೆಯುತ್ತಿದ್ದದ್ದೇ ಹೆಚ್ಚು. ಅದು ಮರಳುತ್ತಿತ್ತು, ನರಕ್ಕೂ ಪೆಟ್ಟಾಗುತ್ತಿತ್ತು. ಮಾಡಬೇಕಾದ್ದು ಆ ಎಳೆಯಂಥ ಕವಲನ್ನು ಕೀಲಿನ ಬಳಿಯಲ್ಲೇ ಕಟ್ಟಿ ಕತ್ತರಿಸುವುದು, ನರದೊಳಗಿನ ಲೋಳೆಯನ್ನು ಸಣ್ಣ ಸೀಳಿನಿಂದ ಇಳಿಸುವುದು, ಅಷ್ಟೆ. ಇದು ಹೆಚ್ಚಾಗಿ ಕಾಣುವುದು ಮೊಣಕಾಲಿನ ಹೊರಬದಿಯ ಪೆರೋನಿಯಲ್ ನರದಲ್ಲಿ. ಅಲ್ಲಿ ದ್ರವ ಬರುವುದು ಮೊಣಕಾಲಿನ ಕೆಳಗೆ ಎರಡು ಮೂಳೆಗಳು ಸೇರುವ ಕೀಲಿನಿಂದ. ಪಾದ ಮೇಲೆತ್ತಲಾಗದೆ ಜೋತು ಬೀಳುತ್ತದೆ, ತೊಂದರೆ ಪಾದದಲ್ಲಿದೆ ಎಂದು ಸೊಂಟದ ಸ್ಕ್ಯಾನ್, ಪಾದದ ಸ್ಕ್ಯಾನ್ ಎಲ್ಲ ಆದರೂ ಮೊಣಕಾಲನ್ನು ಯಾರೂ ನೋಡಿರುವುದಿಲ್ಲ. ಹರಡಿನ ಹಿಂದೆ ಟಿಬಿಯಲ್ ನರದೊಳಗೂ ಇದು ಸೇರಬಹುದು. ಅಲ್ಲಿ ಮೂಲ ಸಾಮಾನ್ಯವಾಗಿ ಹರಡಿನ ಕೆಳಗಿನ ಕೀಲು. ನಿಮ್ಮ ಎಂಆರ್‌ಐನಲ್ಲಿ ‘ನರದ ಹೊರಗೋ ಒಳಗೋ’ ಎಂದು ಕೇಳಬೇಕು ಅಂದದ್ದು ಇದೇ ಕಾರಣಕ್ಕೆ.

ಮೂಳೆಯೊಳಗಿನ ಗ್ಯಾಂಗ್ಲಿಯಾನ್ ಹೆಚ್ಚಾಗಿ ಒಳಬದಿಯ ಹರಡು ಮೂಳೆಯಲ್ಲೋ ಟೇಲಸ್‌ನಲ್ಲೋ ಇರುತ್ತದೆ. ಎಕ್ಸ್‌ರೇಯಲ್ಲಿ ಬಿಳಿ ಅಂಚಿನ ಟೊಳ್ಳು, ಪಕ್ಕದ ಕೀಲು ಮಾತ್ರ ಸವೆದಿರುವುದಿಲ್ಲ. ಸವೆದಿದ್ದರೆ ಅದು ಸಂಧಿವಾತದ ಸಿಸ್ಟ್. ಬೇರೆ ಕಾರಣಕ್ಕೆ ತೆಗೆಸಿದ ಎಕ್ಸ್‌ರೇಯಲ್ಲಿ ಸಿಕ್ಕಿ, ನೋವಿಲ್ಲದಿದ್ದರೆ ಮುಟ್ಟಬೇಡಿ, ಆಗಾಗ ಎಕ್ಸ್‌ರೇ ತೆಗೆಸಿ ನೋಡುತ್ತಿದ್ದರೆ ಸಾಕು. ನೋವಿದ್ದರೆ ಕೆರೆದು ಮೂಳೆಪುಡಿ ತುಂಬುವುದು. ಸಿ.ಟಿ. ತೆಗೆಸದೆ ಹೊರಡಬಾರದು, ಕೀಲಿನ ಮೃದ್ವಸ್ಥಿಯ ಕೆಳಗೆ ಎಷ್ಟು ಮೂಳೆ ಉಳಿದಿದೆ ಎನ್ನುವುದು ಅದರಲ್ಲೇ ತಿಳಿಯುವುದು.

ಟೆಂಡನ್‌ನ ಒಳಗೇ ಏಳುವ ಗ್ಯಾಂಗ್ಲಿಯಾನ್ ಇನ್ನೂ ಅಪರೂಪ. ಟೆಂಡನ್ನನ್ನು ಅಡ್ಡಕ್ಕೆ ಕೊಯ್ಯದೆ ಉದ್ದಕ್ಕೆ ಸೀಳಿ ತೆಗೆದು ಅಂಚುಗಳನ್ನು ಮತ್ತೆ ಹೊಲಿಯಬೇಕು. ಅರ್ಧಕ್ಕಿಂತ ಹೆಚ್ಚು ಹಾಳಾಗಿದ್ದರೆ ಪಕ್ಕದ ಟೆಂಡನ್‌ಗೆ ಸೇರಿಸುವುದು ವಾಸಿ. ಪಾದದ ಮೇಲ್ಭಾಗದ ಗಂಟು ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ಸಂದಿಯಲ್ಲಿ ಮಾತ್ರ ಜೋಮು ಕೊಟ್ಟರೆ ಆಳದ ಪೆರೋನಿಯಲ್ ನರ ಸಿಕ್ಕಿಕೊಂಡಿದೆ. ಅಂದಹಾಗೆ, ಹೊರ ಹರಡಿನ ಮುಂದೆ ಮೆತ್ತಗೆ ಉಬ್ಬಿರುವುದೆಲ್ಲ ಗಂಟಲ್ಲ. ಬೆರಳುಗಳನ್ನು ಮೇಲೆತ್ತಿದಾಗ ಅದು ಗಟ್ಟಿಯಾದರೆ ಅದು ನಿಮ್ಮದೇ ಸ್ನಾಯು. ಬೆರಳಿನ ಉಗುರಿನ ಬುಡದ ಸಣ್ಣ ಲೋಳೆಗುಳ್ಳೆಯನ್ನು ಮನೆಯಲ್ಲಿ ಸೂಜಿಯಿಂದ ಒಡೆಯುವ ಚಾಳಿ ಬಿಡಿ. ಅದರ ತೊಟ್ಟು ಬೆರಳಿನ ಕೀಲಿಗೇ ಹೋಗಿರುತ್ತದೆ, ಸೋಂಕು ನೇರ ಕೀಲಿಗೆ ಇಳಿಯುತ್ತದೆ.

ಸೂಜಿ ಚಿಕಿತ್ಸೆ ಎಲ್ಲಿ ಸರಿ? ಪಾದದ ಮೇಲ್ಭಾಗದಲ್ಲಿ, ಚರ್ಮಕ್ಕೆ ಹತ್ತಿರ, ನರ ಮತ್ತು ರಕ್ತನಾಳ ದೂರವಿರುವ, ಸ್ಕ್ಯಾನ್‌ನಲ್ಲಿ ಸಿಸ್ಟ್ ಎಂದು ಖಚಿತವಾದ ಗಂಟಿಗೆ. ಮರಗಟ್ಟಿಸಲು ಶೇ. 1ರ ಲಿಗ್ನೊಕೇನ್ 1ರಿಂದ 2 ಮಿ.ಲೀ., ದಪ್ಪನೆಯ 18 ಗೇಜ್ ಸೂಜಿ, 10 ಮಿ.ಲೀ. ಸಿರಿಂಜ್. ಸಣ್ಣ ಸೂಜಿಯಲ್ಲಿ ಆ ಲೋಳೆ ಏರುವುದೇ ಇಲ್ಲ, ‘ಏನೂ ಬರಲಿಲ್ಲ’ ಅನ್ನುವುದರ ಅರ್ಧ ಕಥೆ ಇದೇ. ಬಂದದ್ದು ತಿಳಿಯಾದ ಅಥವಾ ತೆಳು ಹಳದಿ ಲೋಳೆಯಾಗಿರಬೇಕು. ರಕ್ತಮಿಶ್ರಿತ ಅಥವಾ ಕದಡಿದ ದ್ರವವಾದರೆ ಪ್ರಯೋಗಾಲಯಕ್ಕೆ ಹೋಗಬೇಕು. ಆಮೇಲೆ ಒತ್ತುಪಟ್ಟಿ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮರಳುತ್ತದೆ ಎಂದು ಮೊದಲೇ ಹೇಳುವುದು ನ್ಯಾಯ. ಸ್ಟೆರಾಯ್ಡ್ ಸೇರಿಸುವುದರಿಂದ ಹೇಳಿಕೊಳ್ಳುವಂಥ ಲಾಭ ಕಾಣೆ. ಚರ್ಮ ಬಿಳಿಚುವುದು, ಅಡಿಯ ಕೊಬ್ಬು ಕರಗಿ ಗುಳಿ ಬೀಳುವುದು, ಟೆಂಡನ್ ದುರ್ಬಲವಾಗುವುದು ಮಾತ್ರ ನಿಜ. ಭಾರದ ಪುಸ್ತಕದಿಂದ ಗುದ್ದಿ ಒಡೆಯುವ ಹಳೆಯ ಉಪಾಯ ಪಾದಕ್ಕೆ ಸುತರಾಂ ಬೇಡ.

ನಿಮ್ಮ ಆಪರೇಷನ್ ಹೇಗಿರುತ್ತದೆ: ಬೆನ್ನಿಗೆ ಅಥವಾ ಪೂರ್ತಿ ಅರಿವಳಿಕೆ, ತೊಡೆಗೆ ರಕ್ತ ತಡೆಯುವ ಬಿಗಿಪಟ್ಟಿ (ಟೂರ್ನಿಕೆ), ಕಣ್ಣಿಗೆ ಭೂತಗನ್ನಡಿ. ಹರಡಿನ ಹಿಂದೆ ಬಾಗಿದ 6ರಿಂದ 8 ಸೆಂ.ಮೀ. ಗೆರೆ. ಗಂಟಿಗೆ ನೇರ ಕೈಹಾಕಬಾರದು. ಮೇಲೆ, ಆರೋಗ್ಯವಾಗಿರುವ ಜಾಗದಲ್ಲಿ ಮೊದಲು ನರವನ್ನು ಕಂಡುಕೊಂಡು, ರಬ್ಬರ್ ಪಟ್ಟಿಯಿಂದ ಮೆಲ್ಲಗೆ ಪಕ್ಕಕ್ಕೆ ಹಿಡಿದು, ಅದರ ಜೊತೆಯಲ್ಲೇ ಕೆಳಕ್ಕೆ ಇಳಿಯಬೇಕು. ಓಣಿಯ ಮೇಲಿನ ಪಟ್ಟಿಯನ್ನು ಪೂರ್ತಿ ಬಿಡಿಸಬೇಕು. ಗಂಟು ಅಪಧಮನಿಗೆ ಅಂಟಿಕೊಂಡಿದ್ದರೆ ಗಂಟಿನ ಗೋಡೆಯ ಒಂದು ಚೂರನ್ನು ಅಲ್ಲೇ ಬಿಡುವುದು ಜಾಣತನ. ತೊಟ್ಟು ಮಾತ್ರ ಬಿಡುವಂತಿಲ್ಲ. ಗಂಟು ನಡುವೆ ಒಡೆದರೂ ತೊಟ್ಟನ್ನು ಹಿಡಿದು ಕೀಲಿನವರೆಗೆ ಹೋಗಿ, ಬುಡದ ಕೀಲುಚೀಲವನ್ನು ಕೆಲವು ಮಿಲಿಮೀಟರ್ ಸುತ್ತಳತೆಯಲ್ಲಿ ಸೇರಿಸಿ ತೆಗೆಯಬೇಕು. ಅಲ್ಲಿ ಮೂಳೆ ಬೆಸುಗೆಯೋ ಚೂಪಾದ ಮೂಳೆಮುಳ್ಳೋ ಇದ್ದರೆ ಅದನ್ನೂ. ಚರ್ಮ ಹೊಲಿಯುವ ಮೊದಲೇ ಟೂರ್ನಿಕೆ ಸಡಿಲಿಸಿ ರಕ್ತ ನಿಂತಿದೆಯೇ ಎಂದು ನೋಡಬೇಕು. ಈ ಇಕ್ಕಟ್ಟಿನಲ್ಲಿ ಹೆಪ್ಪುಗಟ್ಟಿದ ರಕ್ತವೇ ಮತ್ತೊಂದು ಗಂಟಾಗಿ ನರವನ್ನು ಒತ್ತುತ್ತದೆ.

ಎರಡು ವಾರ ಹಿಂದಿನಿಂದ ಆಧಾರ ಕೊಡುವ ಪ್ಲಾಸ್ಟರ್ ಪಟ್ಟಿ, ಕಾಲು ಎದೆಮಟ್ಟಕ್ಕಿಂತ ಮೇಲೆ. ಹೊಲಿಗೆ ಬಿಚ್ಚುವುದು ಸುಮಾರು 14ನೆಯ ದಿನ. ಪಾದದ ಚರ್ಮ ನಿಧಾನವಾಗಿ ಕೂಡುತ್ತದೆ, ಅವಸರ ಮಾಡಿದರೆ ಬಾಯಿ ಬಿಡುತ್ತದೆ. ಆಮೇಲೆ ಕೀಲನ್ನು ಆಡಿಸಲು ತೊಡಗಿ ನಿಧಾನಕ್ಕೆ ಭಾರ ಹಾಕಿ. ಓಟ, ಆಟಕ್ಕೆ 6ರಿಂದ 12 ವಾರ. ಮೂಳೆಯನ್ನೂ ತೆಗೆದಿದ್ದರೆ ಇನ್ನೂ ತಡ. ರಾತ್ರಿಯ ಉರಿ ಹಲವರಲ್ಲಿ ಮೊದಲ ವಾರಗಳಲ್ಲೇ ಇಳಿಯುತ್ತದೆ. ಜೋಮು ಹೋಗಲು ತಿಂಗಳುಗಳು ಬೇಕು. ನರದ ಎಳೆ ಒಳಗೇ ಹಾಳಾಗಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆದು ಬರಬೇಕು, ಹರಡಿನಿಂದ ಹೆಬ್ಬೆರಳಿಗೆ ಎಷ್ಟು ದೂರವೆಂದು ಅಳೆದು ನೋಡಿ. ಸ್ನಾಯು ಬಡವಾದ ಮೇಲೆ ಬಂದವರಲ್ಲಿ ಪೂರ್ತಿ ವಾಪಸು ಬರುವ ಭರವಸೆ ಕೊಡಲಾಗದು. ಆರು ತಿಂಗಳಾಗಿದೆ, ಇನ್ನೊಂದು ವರ್ಷ ನೋಡೋಣ ಎನ್ನಬೇಡಿ ಅಂತ ಹೇಳುವುದು ಈ ಒಂದು ಕಾರಣಕ್ಕೆ.

ಆಪರೇಷನ್ ಆದ ಮೇಲೂ ಗಂಟು ಮರಳಬಹುದು, ಸೂಜಿಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ. ಗಾಯದ ಬಳಿ ಮರಗಟ್ಟಿದ ಒಂದು ಸಣ್ಣ ಪಟ್ಟೆ ಉಳಿಯಬಹುದು. ಮೀನಖಂಡ ಊದಿ ನೋಯತೊಡಗಿದರೆ, ಗಾಯದಿಂದ ಕೀವು ಬಂದರೆ, ಅಥವಾ ಮಾತ್ರೆಗೂ ಬಗ್ಗದ ನೋವಿನ ಜೊತೆ ಬೆರಳುಗಳು ತಣ್ಣಗಾದರೆ ಅಂದೇ ಹೋಗಿ ತೋರಿಸಬೇಕು. ಆಪರೇಷನ್‌ವರೆಗಿನ ದಿನಗಳಲ್ಲಿ ಹರಡಿನ ಹಿಂದೆ ಒತ್ತುವ ಎತ್ತರ ಅಂಚಿನ ಶೂ ಬಿಡಿ. ಪಾದ ಒಳಕ್ಕೆ ವಾಲುತ್ತಿದ್ದರೆ ಒಳ ಅಂಚು ಎತ್ತರಿಸಿದ ಇನ್‌ಸೋಲ್ ಹಾಕಿದರೆ ನರದ ಮೇಲಿನ ಎಳೆತ ತಗ್ಗುತ್ತದೆ. ಗಂಟಿನ ಮೇಲೆ ಬಿಗಿ ಕ್ರೇಪ್ ಬ್ಯಾಂಡೇಜ್ ಸುತ್ತಬೇಡಿ, ಇಲ್ಲಿ ಅದು ನರವನ್ನೇ ಒತ್ತುತ್ತದೆ.

ಇನ್ನೊಂದು ವಿಷಯ. ತೆಗೆದ ಗಂಟು ನೋಡಲು ಎಷ್ಟೇ ಸಾಮಾನ್ಯ ಸಿಸ್ಟ್‌ನಂತಿದ್ದರೂ ಫಾರ್ಮಲಿನ್ ಡಬ್ಬಿಯಲ್ಲಿ ಪೆಥಾಲಜಿಗೆ ಹೋಗಲೇಬೇಕು. ಹೊಲಿಗೆ ಬಿಚ್ಚಿಸಲು ಹೋದ ದಿನ ಆ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ.